ನಜೀಮಕ್ಕನ ಬೋಲ್ಟನ್ ಮಳೆ

ಮಾರ್ಚ್ ತಿಂಗಳ ಮಧ್ಯಾಹ್ನ, ಊಟದ ಹೊತ್ತು ಮೀರಿತ್ತು. ಯಲ್ಲಾಪುರದ ಅಂಕೋಲಾ ರಸ್ತೆಯಲ್ಲಿ ಒಂದು ಲಾರಿ ಎಬ್ಬಿಸಿದ ಧೂಳು ಇಳಿಯುವ ಮೊದಲೇ ಇನ್ನೊಂದು ಲಾರಿ ಬರುತ್ತಿತ್ತು. ಸಿರ್ಸಿಯಿಂದ ಬಸ್ಸಿನಲ್ಲಿ ಬೆಂದು ಬಂದ ನಾನು ಯಾಸೀನ್ ಭಾಯ್ ಅವರ ಲಾರಿ ಬಿಡಿಭಾಗಗಳ ಅಂಗಡಿಯ ಮೆಟ್ಟಿಲು ಹತ್ತಿದೆ. ಒಳಗೆ ಅವರ ಅಕ್ಕ ನಜೀಮಾ ಕಿವಿಗೆ ಫೋನು ಒತ್ತಿಕೊಂಡು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವರು ಹೇಳುತ್ತಿದ್ದುದನ್ನು ನಮ್ಮ ಮಾತಿಗೆ ತಂದರೆ ಹೀಗಾಗುತ್ತದೆ: "ಇಲ್ಲೂ ಹಾಗೇ, ಲವ್. ಬೆಳಿಗ್ಗೆಯಿಂದ ಸುರೀತಾನೇ ಉಂಟು. ಒಗೆದ ಬಟ್ಟೆ ಒಣಗೋ ಆಸೆಯೇ ಬಿಟ್ಟೆ."

ನಾನು ಹಿಂತಿರುಗಿ ರಸ್ತೆ ನೋಡಿದೆ. ಎದುರಿನ ಗ್ಯಾರೇಜಿನ ತಗಡು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಆಕಾಶದಲ್ಲಿ ಮೋಡದ ಸುಳಿವೂ ಇರಲಿಲ್ಲ.

ಫೋನು ಇಟ್ಟ ನಜೀಮಕ್ಕ ನನ್ನನ್ನು ಕಂಡು ಗಕ್ಕನೆ ನಿಂತರು. "ಕೇಳಿತಾ?"

"ಕೇಳಿತು. ಮಳೆ ಎಲ್ಲಿ ಬಂತು ನಜೀಮಕ್ಕ?"

"ಕೂತ್ಕೋ ಮಾರಾಯ್ತಿ. ಬ್ರೂ ಮಾಡ್ತೇನೆ, ಆಮೇಲೆ ಬೈಯಿ."

ಬ್ರೂ ಎಂದರೆ ಚಾ. ಎದುರಿನ ಹೋಟೆಲಿನಿಂದ ಬರುವುದು ಚಾ. ನಜೀಮಕ್ಕ ತಮ್ಮ ಕೆಟಲಿನಲ್ಲಿ ನೀರು ಕಾಯಿಸಿ, ಪುಡಿಯ ಚೀಲ ಅದ್ದಿ, ಮೇಲಿಂದ ಇಷ್ಟು ಹಾಲು ತೋರಿಸಿ ಕೊಡುವುದು ಬ್ರೂ. ನನಗೆ ಅದು ಜ್ವರ ಬಂದವರಿಗೆ ಕೊಡುವ ನೀರಿನ ಹಾಗೆ ಕಾಣುತ್ತದೆ. ಆದರೂ ಕುಡಿಯುತ್ತೇನೆ.

ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಚೇತನಾ, ವಾನಳ್ಳಿಯವಳು. ಸಿರ್ಸಿಯಲ್ಲಿ ಸಣ್ಣದೊಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದೇನೆ. ಯಾವ ಅಂಗಡಿಗೆ, ಯಾವ ಸೊಸೈಟಿಗೆ ಯಾವ ಡೇಟಾಬೇಸ್ ಒಗ್ಗುತ್ತದೆ ಎಂದು ನೋಡಿ ಹಾಕಿಕೊಡುವುದು ನನ್ನ ಕೆಲಸ. ದೊಡ್ಡ ವಿದ್ಯೆಯೇನಲ್ಲ. ಕೇಳಿದ ಸಾಮಾನು ಉಂಟೋ ಇಲ್ಲವೋ, ಇದ್ದರೆ ಯಾವ ಕಪಾಟಿನಲ್ಲಿ ಎಂದು ಕಂಪ್ಯೂಟರು ತಟ್ಟನೆ ಹೇಳುವ ಹಾಗೆ ಮಾಡಬೇಕು, ಅಷ್ಟೆ. ನನಗೆ ಸಿಟ್ಟು ಬೇಗ ಬರುತ್ತದೆ. ಗಿರಾಕಿಗಳಿಗೆ ಅದು ಗೊತ್ತಿದ್ದೂ ಕರೆಯುತ್ತಾರೆ, ಯಾಕೆಂದರೆ ಕೆಲಸ ಕೆಟ್ಟರೆ ಫೋನು ಎತ್ತುತ್ತೇನೆ.

ಯಾಸೀನ್ ಭಾಯ್ ಅವರ ಅಂಗಡಿಯಲ್ಲಿ ಈವರೆಗೆ ಎಲ್ಲವೂ ಎಕ್ಸೆಲ್ಲಿನಲ್ಲಿತ್ತು. ಒಬ್ಬರು ಒಂದು ಸಾಲು ಅಳಿಸಿದರೆ ಇನ್ನೊಬ್ಬರು ಮೂರು ಸಾಲು ಸೇರಿಸಿ ಅದು ಗೋಜಲು ಗೋಜಲಾಗಿ ಕೂತಿತ್ತು. ಹೊಸದು ಬೇಕು ಎಂದು ನನ್ನನ್ನು ಕರೆಸಿದ ಯಾಸೀನ್ ಭಾಯ್ ಮೊದಲ ದಿನವೇ ಕೈ ತೊಳೆದುಕೊಂಡಿದ್ದರು. "ಸ್ಟೋರು ಅಕ್ಕಂದು ಮೇಡಂ. ಅವಳು ಹೂಂ ಅಂದದ್ದನ್ನೇ ತಗೊಳ್ಳೋದು. ನನ್ನ ಕೇಳ್ಬೇಡಿ."

ಅಕ್ಕ ಆಗಲೇ ಒಂದನ್ನು ಮನಸ್ಸಿನಲ್ಲಿ ಹಿಡಿದಿದ್ದರು. ಇಂಗ್ಲೆಂಡಿನ ಬೋಲ್ಟನ್ ಎಂಬ ಊರಿನ ಕಡೆಯ ಸಣ್ಣ ಕಂಪನಿಯೊಂದು ಬಸ್ ಡಿಪೋಗಳಿಗೆಂದೇ ಮಾಡಿದ ಪ್ರೋಗ್ರಾಮು. ಅದನ್ನು ಪರೀಕ್ಷೆಗೆಂದು ಇಳಿಸಿಕೊಂಡು ಎರಡನೇ ತಿಂಗಳು ನಡೆಯುತ್ತಿತ್ತು. ಪರೀಕ್ಷೆಯ ಅವಧಿಯಲ್ಲಿ ಏನಾದರೂ ತಿಳಿಯದಿದ್ದರೆ ಮೊಬೈಲಿನಲ್ಲಿ ಹಾಕಿಕೊಂಡ ಅದರ ಆ್ಯಪಿನ ಒಳಗಿನಿಂದಲೇ ಫೋನು ಮಾಡಬಹುದು; ಕರೆ ಯಾವ ದೇಶದಿಂದ ಬಂತೆಂದು ಆ ಕಡೆ ಕಾಣುವುದಿಲ್ಲ. ಆ ಕಡೆಯಿಂದ ಎತ್ತುವವಳ ಹೆಸರು ಡೋರೀನ್. ಮಳೆಯ ವಿಷಯ ಮಾತಾಡುತ್ತಿದ್ದದ್ದು ಅವಳ ಹತ್ತಿರ.

"ಮೊದಲ ದಿನ ನಿಜಕ್ಕೂ ತಿಳೀದೇ ಫೋನ್ ಮಾಡಿದ್ದು," ನಜೀಮಕ್ಕ ಬ್ರೂ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು. "ನಾನು ಎರಡು ಮಾತಾಡಿದ್ದೇ ತಡ, ಅವಳು ಕೇಳಿದಳು, ನಿಮ್ಮದು ನಮ್ಮ ಕಡೆ ಮಾತಲ್ವಾ, ಬೋಲ್ಟನ್ನಾ ಅಂತ. ನಾನು ಹೌದು ಅಂದೆ. ಸುಳ್ಳೆಂತ ಉಂಟು ಅದರಲ್ಲಿ? ನನ್ನ ಮಾತು ಬೋಲ್ಟನ್ನಿನದ್ದೇ. ಆಮೇಲೆ ಅವಳು ಅಲ್ಲಿ ಮಳೆ ಹೇಗುಂಟು ಅಂತ ಕೇಳಿದಳು. ಅಲ್ಲಿಂದ ಶುರುವಾಯ್ತು."

"ಅವಳಿಗೆ ನೀವು ಅಲ್ಲೇ ಇದ್ದೀರಿ ಅಂತ ನಂಬಿಕೆ?"

"ಹೂಂ. ಅವಳೊಬ್ಬಳಿಗೆ ನಾನು ಇನ್ನೂ ಅಲ್ಲೇ ಇದ್ದೇನೆ."

ನಾನು ಬೈಯುವುದು ಬಿಟ್ಟು ಬ್ರೂ ಕಪ್ಪು ಎತ್ತಿಕೊಂಡೆ.

ನಜೀಮಕ್ಕ ಹುಟ್ಟಿ ಬೆಳೆದದ್ದು ಯಲ್ಲಾಪುರದಲ್ಲೇ. ಅವರನ್ನು ಮದುವೆಯಾದ ಸುಭಾನ್ ಬೋಲ್ಟನ್ನಿನಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದರು. ಹೋದ ಹೊಸದರಲ್ಲಿ ನಜೀಮಕ್ಕ ಕಿಟಕಿ ಬಿಟ್ಟು ಏಳುತ್ತಿರಲಿಲ್ಲವಂತೆ. ಮಕ್ಕಳಾಗಲಿಲ್ಲ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಗಂಡನ ಡಿಪೋದಲ್ಲೇ ಬಿಡಿಭಾಗಗಳ ಸ್ಟೋರಿಗೆ ಕೆಲಸಕ್ಕೆ ಸೇರಿದರು. ಅಲ್ಲಿಯ ಹೆಂಗಸರು ಅವರನ್ನು ನಾಜ್ ಎಂದು ಕರೆದರು. ಪಕ್ಕದಲ್ಲಿ ಕೂರಿಸಿಕೊಂಡು ಬ್ರೂ ಕುಡಿಸಿದರು, ಗಂಡಂದಿರನ್ನು ಬೈಯುವುದು ಹೇಗೆಂದು ಅವರ ಭಾಷೆಯಲ್ಲಿ ಕಲಿಸಿದರು. ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಅವರು ಅಲ್ಲಿದ್ದರು.

ಒಂದು ಚಳಿಗಾಲ ಸುಭಾನ್ ಎದೆನೋವೆಂದು ಮಲಗಿದವರು ಏಳಲಿಲ್ಲ. ಅಲ್ಲೇ ಮಣ್ಣು ಮಾಡಿದರು. ಅದಾದ ಮೇಲೂ ನಜೀಮಕ್ಕ ಡಿಪೋ ಬಿಡಲಿಲ್ಲ. ಶುಕ್ರವಾರ ಗೋರಿಯ ಹತ್ತಿರ ಹೋಗಿ, ಹುಲ್ಲು ಕಿತ್ತು, ಡಿಪೋದಲ್ಲಿ ಯಾವ ಬಸ್ಸು ಕೆಟ್ಟಿತು ಎಂಬ ಸುದ್ದಿಯನ್ನೆಲ್ಲ ಹೇಳಿ ಬರುತ್ತಿದ್ದರಂತೆ. ಆಮೇಲೆ ಇಲ್ಲಿ ತಾಯಿಗೆ ಲಕ್ವಾ ಹೊಡೆಯಿತು. ಒಂದು ತಿಂಗಳಿಗೆಂದು ಬಂದರು. ತಾಯಿ ಇವರ ಕೈಯಲ್ಲಲ್ಲದೆ ಇನ್ನೊಬ್ಬರ ಕೈಯಲ್ಲಿ ಗಂಜಿ ಕುಡಿಯಲಿಲ್ಲ. ಆ ದೇಶದಲ್ಲಿ ನೆಲೆಸುವ ಪರವಾನಗಿ ಇದ್ದವರು ಹೊರಗೆ ಎರಡು ವರ್ಷ ದಾಟಿಸಬಾರದು ಎಂಬ ನಿಯಮವಿದೆ. ದಾಟಿಹೋಯಿತು. ತಾಯಿ ತೀರಿಕೊಂಡ ಮೇಲೆ ಮತ್ತೆ ಕೇಳಿ ನೋಡಿದರು. ಆಗುವುದಿಲ್ಲ ಎಂದು ಉತ್ತರ ಬಂತು.

ಇದನ್ನೆಲ್ಲ ಅವರು ಒಂದೇ ಸಲ ಕೂತು ಹೇಳಿದ್ದಲ್ಲ. ಬ್ರೂ ಕುಡಿಯುತ್ತ ಅಷ್ಟಷ್ಟು ಹೇಳಿದರು. ಹೆಚ್ಚಾಗಿ ನಾವು ಮಾತಾಡುತ್ತಿದ್ದದ್ದು ಬೋಲ್ಟನ್ನಿನ ಮಾತುಗಳನ್ನು. ಅದೊಂದು ಚಟವಾಗಿಬಿಟ್ಟಿತ್ತು ನನಗೂ.

"ಲವ್ ಅಂದ್ರೆ ನಮ್ಮ ಮಾರಾಯ್ತಿ ಇದ್ದ ಹಾಗೆ. ಟಾ ಅಂದ್ರೆ ಥ್ಯಾಂಕ್ಸು. ಟಾ-ರಾ ಅಂದ್ರೆ ಬರ್ತೇನೆ ಅಂತ. ಖುಷಿಯಾದ್ರೆ ಚಫ್ಡ್. ಮಾರ್ಡಿ ಅಂದ್ರೆ ಮುಖ ಊದಿಸ್ಕೊಂಡು ಇರೋದು. ನೀನು ಬಸ್ ಇಳಿಯುವಾಗ ಇರ್ತೀಯಲ್ಲ, ಹಾಗೆ."

"ಆಯ್ತು. ಬೇಜಾರಾದ್ರೆ?"

"ಗಟೆಡ್. ಮೀನಿನ ಹೊಟ್ಟೆ ಸೀಳಿ ಒಳಗಿಂದೆಲ್ಲ ತೆಗೀತಾರಲ್ಲ, ಹಾಗೆ ಆಗೋದು. ನಿಮ್ಮ ಜನ ಮೀನು ತಿನ್ನೋದಿಲ್ಲ, ನಿನಗೆ ಹೇಗೆ ಗೊತ್ತಾಗ್ಬೇಕು!"

ಈ ಮಾತುಗಳಲ್ಲಿ ಒಂದು ಮಾತ್ರ ಅಂಗಡಿ ದಾಟಿ ರಸ್ತೆಗೂ ಇಳಿದಿತ್ತು. ನ್ಯಾಕರ್ಡ್. ಸವೆದು ಮುಗಿದದ್ದಕ್ಕೆ ಹೇಳುವ ಮಾತು, ಬೇರಿಂಗಿಗೂ ಸರಿ, ಮನುಷ್ಯರಿಗೂ ಸರಿ. ಎದುರಿನ ಗ್ಯಾರೇಜಿನ ದೊಡ್ಡ ಮೇಸ್ತ್ರಿ ಬೈರ ನಂದೊಳ್ಳಿಯಿಂದ ಬೈಕಿನಲ್ಲಿ ಬಂದಿಳಿಯುತ್ತಲೇ "ಅಕ್ಕ, ಇವತ್ತು ನಾನೇ ನ್ಯಾಕರ್ಡ್" ಎನ್ನುತ್ತಿದ್ದ. ಆಗ ನಜೀಮಕ್ಕನ ಮುಖ ಅರಳುವುದನ್ನು ನೋಡಬೇಕಿತ್ತು.

ಇನ್ನು ಸಾಫ್ಟ್‌ವೇರಿನ ಆಯ್ಕೆ. ಒಂದು, ಊರಿನ ಅಂಗಡಿಗಳೆಲ್ಲ ಇಟ್ಟುಕೊಂಡ ಲೆಕ್ಕದ ಪ್ಯಾಕೇಜು. ಬಿಲ್ಲಿಗೆ ಚೆನ್ನ, ಬಿಡಿಭಾಗಕ್ಕೆ ಸಾಲದು. ಇನ್ನೊಂದು, ನಜೀಮಕ್ಕನ ಬೋಲ್ಟನ್ನಿನದು. ಮತ್ತೊಂದು, ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಮೇಲೆ ನಾನು ಕಟ್ಟಿಕೊಡುವುದು. ಅದರಲ್ಲಿ ಕನ್ನಡದಲ್ಲೇ ಹುಡುಕಬಹುದು, ಒಂದು ಸಾಮಾನಿಗೆ ಊರವರು ಕರೆಯುವ ಹೆಸರನ್ನೆಲ್ಲ ಸೇರಿಸಬಹುದು, ಫೋಟೋ ಹಾಕಬಹುದು. ಅದರ ಗುರುತಿನ ಆನೆಯ ಚಿತ್ರ ತೋರಿಸಿದೆ.

ಬೈರ ಕತ್ತು ಚಾಚಿ ನೋಡಿದ. "ಆನೆ ಗದ್ದೆಗೆ ಬಂದ್ರೇ ಎಂತದೂ ಉಳಿಯೂದಿಲ್ಲ. ನೀವು ಅಂಗಡಿಗೇ ತರ್ತೀರಾ ಮೇಡಮ್ಮಾ?"

ನಜೀಮಕ್ಕ ನಗಲಿಲ್ಲ. "ನಿನ್ನ ಆನೆ ಕೆಟ್ಟರೆ ಫೋನು ಯಾರಿಗೆ ಮಾಡೋದು?"

"ನನಗೆ."

"ನೀನು ಸಿರ್ಸಿಯವಳು," ಎಂದು ಹೇಳಿ ಅವರು ಕಪ್ಪು ತೊಳೆಯಲು ಎದ್ದರು.

ಅಲ್ಲಿಗೆ ನನಗೆ ತಿಳಿಯಿತು. ಅವರು ಆರಿಸುತ್ತಿದ್ದದ್ದು ಡೋರೀನಳ ಧ್ವನಿಯನ್ನು. ಕೊಂಡರೆ ಆ ಫೋನು ಉಳಿಯುತ್ತದೆ. ಕೊಳ್ಳದಿದ್ದರೆ ತಿಂಗಳ ಕೊನೆಗೆ ಮುಚ್ಚುತ್ತದೆ. ಮಳೆ ಹೇಗುಂಟು ಎಂದು ಕೇಳುವವರು ಆಮೇಲೆ ಯಾರೂ ಇರುವುದಿಲ್ಲ. ನನಗೆ ಒಳ್ಳೆಯ ಕೆಲಸವೊಂದು ಕೈತಪ್ಪುತ್ತಿದೆ ಎಂದು ಹೊಟ್ಟೆ ಉರಿದದ್ದೂ ನಿಜ, ಇವರು ಅದನ್ನೇ ಕೊಳ್ಳಲಿ ಎಂದು ಅನ್ನಿಸಿದ್ದೂ ನಿಜ. ಮನೆಗೆ ಹೋದಾಗ ನನ್ನ ಗಂಡ ವಿಶ್ವೇಶ್ವರ "ಯಲ್ಲಾಪುರದ ಕೆಲಸ ಎಂತಾತು?" ಎಂದು ಕೇಳಿದ. "ಎಂತೂ ಆಜಿಲ್ಲೆ, ಅದ್ರ ಸುದ್ದಿ ತೆಗೆಯಡ" ಎಂದು ಅವನ ಬಾಯಿ ಮುಚ್ಚಿಸಿದೆ.

ಆದರೆ ನಜೀಮಕ್ಕ ಅಷ್ಟಕ್ಕೇ ನಿಲ್ಲಲಿಲ್ಲ. ಆ ಪ್ರೋಗ್ರಾಮು ಅಂಗಡಿಗೆ ಒಗ್ಗುತ್ತದೆ ಎಂದು ತೋರಿಸಬೇಕಿತ್ತಲ್ಲ, ಅಂಗಡಿಯನ್ನೇ ಅದಕ್ಕೆ ಒಗ್ಗಿಸಲು ಹೊರಟರು. ನಮ್ಮ ಕಡೆ ಬಿಡಿಭಾಗ ಕೊಳ್ಳುವ ಕ್ರಮ ಎಲ್ಲರಿಗೂ ಗೊತ್ತು. ಹೆಸರೂ ಬೇಡ, ನಂಬರೂ ಬೇಡ. ಬಿಚ್ಚಿದ ಹಳೇ ತುಂಡನ್ನು ಪೇಪರಿನಲ್ಲಿ ಸುತ್ತಿ ತಂದು ಕೌಂಟರಿನ ಮೇಲೆ ಇಡುವುದು. ಅಂಗಡಿಯವರು ಹೊಸದನ್ನು ಪಕ್ಕದಲ್ಲಿಟ್ಟು, ಕೈಯಲ್ಲಿ ಹಿಡಿದು, ಅಳತೆ ನೋಡಿ ಕೊಡುವುದು. ಬೋಲ್ಟನ್ನಿನ ಪ್ರೋಗ್ರಾಮಿಗೆ ಬೇಕಾದದ್ದು ನಂಬರು ಮಾತ್ರ.

"ಎಣ್ಣೆ ಮೆತ್ತಿದ ಹಳೇದೆಲ್ಲ ಇನ್ನು ಇಲ್ಲಿಗೆ ತರ್ಬೇಡ ಬೈರ," ಎಂದು ಕಟ್ಟುನಿಟ್ಟು ಮಾಡಿದರು. "ಗಾಡಿ ಯಾವುದು ಹೇಳು, ನಂಬರ್ ನಾನು ತೆಗೀತೇನೆ. ಅಲ್ಲಿ ಹಾಗೇ ಮಾಡೋದು."

ಕೌಂಟರು ಫಳಫಳ ಹೊಳೆಯಿತು. ಕಪಾಟಿಗೆಲ್ಲ ನಂಬರಿನ ಚೀಟಿ ಬಂತು. ಅದನ್ನೆಲ್ಲ ವರ್ಣಿಸಿ ಡೋರೀನಳಿಗೆ ಹೇಳಿದಾಗ ಅವಳು ಚಫ್ಡ್ ಅಂದಳಂತೆ.

ಆಮೇಲೆ ಸದಾಶಿವನ ಲಾರಿ ಬಂತು. ಸದಾಶಿವ ಹಾವೇರಿ ಕಡೆಯ ಡ್ರೈವರು, ಅಂಕೋಲಾಕ್ಕೆ ಮೆಕ್ಕೆಜೋಳ ಹೊತ್ತು ಹೊರಟವನು. ಅರಬೈಲ್ ಘಟ್ಟ ಇಳಿಯುವ ಮುಂಚೆ ಬ್ರೇಕ್ ಲೈನರು, ಅಂದರೆ ಚಕ್ರದ ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಪಟ್ಟಿಗಳನ್ನು, ಬದಲಿಸಲು ಬೈರನ ಗ್ಯಾರೇಜಿಗೆ ಬಂದ. ನಜೀಮಕ್ಕ ಗಾಡಿಯ ಮಾದರಿ ಕೇಳಿ, ನಂಬರು ಒತ್ತಿ, ಲೈನರು ಕೊಟ್ಟರು. ಬೈರ ಕೈಯಲ್ಲಿ ಹಿಡಿದು "ಅಕ್ಕ, ತೆಳ್ಳಗೆ ಕಾಣ್ತದೆ" ಎಂದ. "ನಂಬರ್ ಸರಿ ಉಂಟು, ಹಾಕು" ಎಂದರು ಇವರು. ಇವರ ಮೇಲಿನ ಗೌರವಕ್ಕೆ ಬೈರ ಎರಡನೇ ಮಾತಾಡಲಿಲ್ಲ.

ನಂಬರು ಸರಿಯೇ ಇತ್ತು. ಆದರೆ ಘಟ್ಟ ಹತ್ತಿಳಿಯುವ ಲಾರಿಗಳ ಡ್ರಮ್ಮು ಬಿಸಿಯಾಗಿ, ಗೀರು ಬಿದ್ದು ಕೆಡುತ್ತದೆ. ಅದನ್ನು ನಾವು ಎಸೆಯುವುದಿಲ್ಲ. ಲೇತ್ ಯಂತ್ರಕ್ಕೆ ಕೊಟ್ಟು ಒಳಮೈಯನ್ನು ತುಸು ಹೆರೆಸಿ, ಅಂದರೆ ಕಡೆಸಿ, ನುಣುಪು ಮಾಡಿಸಿ ಮತ್ತೆ ಹಾಕುತ್ತೇವೆ. ಕಡೆಸಿದಷ್ಟೂ ಡ್ರಮ್ಮು ಅಗಲವಾಗುತ್ತದೆ, ಅದಕ್ಕೆ ದಪ್ಪ ಲೈನರೇ ಬೇಕು. ಆ ಸಂಗತಿಯನ್ನು ಹೇಳುವುದು ಬಿಚ್ಚಿದ ಹಳೇ ತುಂಡು ಮಾತ್ರ. ಅದು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತ್ತು.

ಸದಾಶಿವ ಹುಷಾರಿನ ಮನುಷ್ಯ. ಇಡಗುಂದಿಯ ಹತ್ತಿರ, ಘಟ್ಟ ಶುರುವಾಗುವ ಮೊದಲೇ, ಒಮ್ಮೆ ಬ್ರೇಕು ತುಳಿದು ನೋಡಿದ. ಕಾಲು ತಳಕ್ಕೆ ಹೋಯಿತು. ಅಲ್ಲಿಂದ ಆಮೆ ನಡಿಗೆಯಲ್ಲಿ ಹಿಂತಿರುಗಿ ತಂದ. ನಾನು ಅಂಗಡಿಯಲ್ಲೇ ಇದ್ದೆ. ಅವನು ಒಳಗೆ ಬಂದು ಕೌಂಟರಿಗೆ ಒರಗಿ ನಿಂತ.

"ಅಕ್ಕಾರ, ಬ್ರೇಕ್ ಹಿಡೀವಲ್ದ್ರಿ," ಎಂದ. "ಘಟ್ಟದಾಗ ಹಿಂಗಾಗಿದ್ರ ನನ್ನ ಮಕ್ಕಳನ್ನ ಯಾರ್ ನೋಡ್ತಿದ್ರು? ನೀವ್ ಹೇಳ್ರಿ."

ಅವನು ಕಿರುಚಿದ್ದರೆ ನಜೀಮಕ್ಕ ತಡೆದುಕೊಳ್ಳುತ್ತಿದ್ದರೇನೋ. ಅವನು ಮೆಲ್ಲಗೆ ಕೇಳಿದ. ನಜೀಮಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟರು. ಬೈರ "ತಪ್ಪು ನಂದೂ ಉಂಟು" ಎಂದು ಅವನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದ. ದಪ್ಪ ಲೈನರು ಹಾಕಿ, ಬೈರನೇ ಜೊತೆಗೆ ಕೂತು ಇಡಗುಂದಿಯವರೆಗೆ ಹೋಗಿ ಬ್ರೇಕು ನೋಡಿ ಬಂದ.

ಮರುದಿನ ಡೋರೀನಳ ಆಫೀಸು ತೆರೆಯುವ ಹೊತ್ತಿಗೆ ನಜೀಮಕ್ಕ ಫೋನನ್ನು ಕೌಂಟರಿನ ಮೇಲಿಟ್ಟು ಸ್ಪೀಕರು ಹಾಕಿದರು. "ನೀನೂ ಕೇಳು. ಅಳತೆ ಬರೆಯೋಕೆ ಒಂದು ಜಾಗ ಮಾಡಿಕೊಡ್ತಾರಾ ಅಂತ ಕೇಳ್ತೇನೆ. ಮಾಡಿದ್ರೆ ಇದನ್ನೇ ಇಟ್ಕೊಳ್ಳೋದು." ಅವರ ಧ್ವನಿಯಲ್ಲಿ ಇನ್ನೂ ಆಸೆ ಇತ್ತು. ಆಗಲಿ ದೇವರೇ ಎಂದು ನಾನೂ ಅಂದುಕೊಂಡೆ.

ಡೋರೀನಳದ್ದು ದಪ್ಪ, ಬೆಚ್ಚಗಿನ ಧ್ವನಿ. ನಾಜ್ ಎಂದೇ ಕರೆದಳು. ಮಂಡಿ ನೋವು, ಅಳಿಯನ ಸೋಮಾರಿತನ ಎಲ್ಲ ಹೇಳಿಯಾದ ಮೇಲೆ ನಜೀಮಕ್ಕ ವಿಷಯಕ್ಕೆ ಬಂದರು. ಡ್ರಮ್ಮು ಕಡೆಸುತ್ತೇವೆ, ಒಂದೊಂದು ಗಾಡಿಯದ್ದು ಒಂದೊಂದು ಅಳತೆ, ಅದನ್ನು ಬರೆಯಲು ಜಾಗ ಬೇಕು ಎಂದರು.

"ಕಡೆಸೋದಾ?" ಡೋರೀನ್ ನಕ್ಕಳು. "ಎಸೆದು ಹೊಸದು ಹಾಕಿ, ಲವ್! ಈಗ ಯಾರು ಅದನ್ನೆಲ್ಲ ಕಡೆಸ್ತಾರೆ? ಅದಕ್ಕೆ ಜಾಗ ಇಲ್ಲ, ಮಾಡೋದೂ ಇಲ್ಲ. ಯಾರೂ ಕೇಳೋದಿಲ್ಲ ನೋಡು." ಆಮೇಲೆ ನಗು ನಿಲ್ಲಿಸಿ, "ಅಂಥ ಡಿಪೋ ನಮ್ಮ ಕಡೆ ಇನ್ನೂ ಯಾವುದುಂಟು? ನೀನು ಎಲ್ಲಿದ್ದೀ ನಾಜ್?" ಎಂದು ಕೇಳಿದಳು.

ನಜೀಮಕ್ಕ ನನ್ನ ಮುಖ ನೋಡಿದರು. ಯಾವುದಾದರೂ ಊರಿನ ಹೆಸರು ಹೇಳಿ ಪಾರಾಗಲಿ ಎಂದು ನಾನು ಕಾದೆ. ಅವರಿಗೆ ಅಲ್ಲಿಯ ಊರುಗಳೆಲ್ಲ ಬಾಯಿಪಾಠ.

"ಯಲ್ಲಾಪುರ," ಎಂದರು. "ಇಂಡಿಯಾದಲ್ಲಿ. ನಾನು ಹುಟ್ಟಿದ ಊರು. ಬಂದು ವರ್ಷಗಳೇ ಆದ್ವು, ಡೋರೀನ್. ನಿನ್ನ ಹತ್ತಿರ ಸುಳ್ಳು ಹೇಳಿದೆ. ಇಲ್ಲಿ ಘಟ್ಟ ಉಂಟು. ನಿಮ್ಮ ಪ್ರೋಗ್ರಾಮ್ ಇಟ್ಕೊಂಡ್ರೆ ಯಾರಾದ್ರೂ ಸಾಯ್ತಾರೆ. ನಾನು ಅದನ್ನ ಕೊಳ್ಳೋದಿಲ್ಲ."

ಕಟ್ಟಾಯಿತೇನೋ ಎಂದು ನಾನು ಫೋನಿನ ಕಡೆ ಬಗ್ಗಿದೆ.

"ಅಯ್ಯೋ, ನಾನು ಗಟೆಡ್," ಎಂದಳು ಡೋರೀನ್. ಅವಳಿಗೆ ಸಿಟ್ಟು ಬಂದಿರಲಿಲ್ಲ. "ಹಾಗಾದ್ರೆ ಆ ಮಳೆ?"

"ನಿಂದೇ ಮಳೆ. ನೀನು ಹೇಳಿದ್ದನ್ನ ಕೇಳಿ ಹೇಳ್ತಿದ್ದೆ."

ಆಮೇಲೆ, ಅಂಗಡಿಗೆ ಹೋದ ಪಕ್ಕದ ಮನೆಯವಳನ್ನು ಕೇಳುವಷ್ಟು ಸಹಜವಾಗಿ ಕೇಳಿದಳು, "ಸರಿ ಮತ್ತೆ. ಮನೆಗೆ ಯಾವಾಗ ಬರ್ತೀ, ಲವ್?"

ಇಷ್ಟು ವರ್ಷಗಳಲ್ಲಿ ಇಲ್ಲಿಯ ಯಾರೂ, ಯಾಸೀನ್ ಭಾಯ್ ಆಗಲಿ ಮೊನ್ನೆ ಬಂದ ನಾನಾಗಲಿ, ಅವರ ಮನೆ ಅಲ್ಲಿದೆ ಎಂದು ಹೇಳಿರಲಿಲ್ಲ. ಊರಿಗೆ ಬಂದಿರಿ, ಒಳ್ಳೆಯದಾಯಿತು ಎಂದೇ ಎಲ್ಲರೂ ಹೇಳುತ್ತಿದ್ದದ್ದು.

ನಜೀಮಕ್ಕ ಬಾಗಿಲಿನಾಚೆ ನೋಡಿದರು. ರಸ್ತೆಯ ಮೇಲೆ ಬಿಸಿಲು ಸುಡುತ್ತಿತ್ತು.

"ಅಲ್ಲಿ ಮಳೆ ನಿಲ್ಲಲಿ, ಬರ್ತೇನೆ," ಎಂದರು.

ಡೋರೀನ್ ಗಟ್ಟಿಯಾಗಿ ನಕ್ಕಳು. ಬೋಲ್ಟನ್ನಿನಲ್ಲಿ ಮಳೆ ನಿಲ್ಲುವುದೆಂದರೆ ಅವರಿಬ್ಬರಿಗೂ ಗೊತ್ತಿದ್ದ ತಮಾಷೆ. ನಗು ಮುಗಿಯುವಾಗ ಅವಳ ಧ್ವನಿ ಒಡೆದಿತ್ತು. "ಟಾ-ರಾ, ನಾಜ್," ಎಂದಳು. "ಟಾ-ರಾ, ಲವ್," ಎಂದರು ಇವರು. ಫೋನು ನಿಂತಿತು.

ನಾನು ಎದ್ದು ಕೆಟಲಿಗೆ ನೀರು ತುಂಬಿಸಿಟ್ಟೆ.

ಅಷ್ಟರಲ್ಲಿ ಬೈರ ಮೆಟ್ಟಿಲ ಮೇಲೆ ಬಂದು ನಿಂತ. ಕೈಯಲ್ಲಿ ಪೇಪರಿನ ಪೊಟ್ಟಣ, ಎಣ್ಣೆ ಸೋರಿ ಕಪ್ಪಾಗಿತ್ತು. ಒಳಗೆ ತರಲೋ ಬೇಡವೋ ಎಂದು ಅನುಮಾನಿಸಿದ. ನಜೀಮಕ್ಕ ಕೈ ಚಾಚಿದರು. ಹೊಳೆಯುವ ಕೌಂಟರಿನ ಮೇಲೆ ಪೊಟ್ಟಣ ಬಿಚ್ಚಿ ಸವೆದ ತುಂಡನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಅದರ ದಪ್ಪ ನೋಡಿದರು. ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಅವರು ಒರೆಸಿಕೊಳ್ಳಲಿಲ್ಲ.

"ಪೂರಾ ನ್ಯಾಕರ್ಡ್," ಎಂದರು. "ಯಾವ ಗಾಡೀದು ಬೈರ?"